ನಾನು ತಿದ್ದಿ ಓದಿದ ಪುಟ

ಕಾದಂಬರಿಯ ನಡುವಿನ ಒಂದು ಘಟನೆಯನ್ನು ಬದಲಿಸಿದರೆ ಏನಾಗುತ್ತದೆ ಎಂದು ಬಲ್ಲವರು ಊಹಿಸಿ ಬರೆಯುತ್ತಾರೆ. ನಾನು ಮಾಡಿಯೇ ನೋಡಿದವನು. ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ.

ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆ. ಭೀಮೆಯ ದಂಡೆಗಿರುವ ಮಣ್ಣೂರಿನಲ್ಲಿ ನಮ್ಮ ಮನೆ. ಈಚೆ ನಿಜಾಮ್ ಸೀಮೆ, ಆಚೆ ಮುಂಬೈ ಪ್ರಾಂತ್ಯ. ಈಚೆ ದಿನಕ್ಕೊಂದು ಊರಿನ ಲೂಟಿಯ ಸುದ್ದಿ. ಎಷ್ಟೋ ಜನ ತಮ್ಮ ಹೆಂಗಸರು-ಮಕ್ಕಳನ್ನು ಹೊಳೆ ದಾಟಿಸಿ ನೆಂಟರ ಮನೆಗಳಲ್ಲಿ ಬಿಟ್ಟು ಬರುತ್ತಿದ್ದರು. ನಾನು ಊರಿನ ಶಾಲೆಯ ಮಾಸ್ತರ, ವಯಸ್ಸು ಇಪ್ಪತ್ತೈದು. ಬೆಕ್ಕು ಡಬ್ಬಿ ಬೀಳಿಸಿದರೂ ಎದ್ದು ಬಾಗಿಲ ಅಗಳಿ ನೋಡಿ ಬರುವವನು. ಐವತ್ತಾದರೂ ಆ ಚಾಳಿ ಬಿಟ್ಟಿಲ್ಲ.

ಮನೆಯಲ್ಲಿ ನಾನು, ಹೆಂಡತಿ, ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ. ಅವಳ ಗಂಡನ ಮನೆ ಹೊಳೆಯಾಚೆ. ಮಕ್ಕಳಾಗಲಿಲ್ಲವೆಂದು ತವರಿಗೆ ಕಳಿಸಿ ಆರು ವರ್ಷವಾಗಿತ್ತು. ಕರೆಯಲು ಯಾರೂ ಬಂದಿರಲಿಲ್ಲ. ಕರೆಯಲು ಬಾರದೆ ಹೆಣ್ಣುಮಗಳು ತಾನಾಗಿ ಹೋಗುವ ರೂಢಿ ನಮ್ಮಲ್ಲಿಲ್ಲ.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ಮಧ್ಯಾಹ್ನ ಅವಳು ಜೋಳ ಹಸನು ಮಾಡುತ್ತ ಕೂತರೆ ನಾನು ಓದಿ ಹೇಳಬೇಕು. ಆಗ ಓದುತ್ತಿದ್ದುದು ಗೆಳೆಯನೊಬ್ಬ ಧಾರವಾಡದಿಂದ ತಂದುಕೊಟ್ಟ ಕಾದಂಬರಿ. ಅದರ ನಾಯಕಿಯೂ ಗಂಡ ಬಿಟ್ಟವಳೇ. ಅರ್ಧ ಪುಸ್ತಕಕ್ಕೆ ಅವಳು ಕರೆಯದೆಯೇ ಗಂಡನ ಮನೆಗೆ ಹೋಗುತ್ತಾಳೆ. ಅತ್ತೆ ಬಾಗಿಲಿಗೆ ಬಂದು, ಗುರುತಿಲ್ಲದವಳಂತೆ, "ಯಾರ ಮನೆಯವಳಮ್ಮ ನೀನು?" ಎನ್ನುತ್ತಾಳೆ. ಬೈಗುಳವಿಲ್ಲ, ಜಗಳವಿಲ್ಲ. ನಾಯಕಿಗೆ ಗಂಡನ ಮನೆಯ ಹೆಸರೂ ಬಾಯಿಗೆ ಬಾರದು, ತವರಿನದೂ ಬಾರದು. ತಿರುಗಿ ನಡೆಯುತ್ತಾಳೆ. ಇಡೀ ಕಾದಂಬರಿ ಇರುವುದು ಆ ಒಂದು ಪ್ರಶ್ನೆಯಲ್ಲಿ. ಹಿಂದಿನದೆಲ್ಲ ತಾನು ಯಾರದೋ ಮನೆಯವಳೆಂದು ಅವಳು ನಂಬಿದ್ದು. ಮುಂದಿನದೆಲ್ಲ ಪಟ್ಟಣದಲ್ಲಿ ಒಂದು ಕೋಣೆ, ಒಂದು ಹೊಲಿಗೆ ಮಷೀನು ಹಿಡಿದು ತನ್ನದೆಂಬುದನ್ನು ಕಟ್ಟಿಕೊಂಡದ್ದು.

ಇದನ್ನು ನಾನು ಮೊದಲೇ ಓದಿಕೊಂಡಿದ್ದೆ. ಆ ಪುಟ ಬಂದ ದಿನ ತಲೆಯಲ್ಲಿ ಇದ್ದದ್ದು ಒಂದೇ: ಅಕ್ಕ ಹೊಳೆಯಾಚೆ ಇದ್ದರೆ ಕ್ಷೇಮ. ಅತ್ತೆಯ ಬಾಯಲ್ಲಿ "ಬಾ ತಾಯಿ, ಇದು ನಿನ್ನದೇ ಮನೆ" ಎಂದು ಓದಿಬಿಟ್ಟೆ. ಸಾಲದೆಂದು ಸೊಸೆಗೆ ಬೀಗದ ಕೈಯನ್ನೂ ಕೊಡಿಸಿದೆ.

ಮೊರದ ಮೇಲೆ ಅಕ್ಕನ ಕೈ ನಿಂತಿತು. "ಯಾರೂ ಕರಿಯಾಕ ಬಂದಿರ್ಲಿಲ್ಲ. ಆದ್ರೂ ಒಳಗ ಕರಕೊಂಡ್ರು?"

"ಹೂಂ ಅಕ್ಕಾ."

"ಹಂಗಾರ ಇನ್ನರ್ಧ ಬುಕ್ಕಿನ್ಯಾಗ ಏನ್ ಬರದಾನಲೇ?"

"ಸಂಸಾರ."

"ಅಷ್ಟು ದಪ್ಪಂದು?" ಎಂದು ನಕ್ಕಳು.

ಆ ಒಂದು ಪ್ರಶ್ನೆ ಕಿತ್ತದ್ದೇ ತಡ, ಮುಂದಿನ ಪ್ರತಿ ಪುಟಕ್ಕೂ ಸುಳ್ಳು ಹೊಂದಿಸಬೇಕಾಯಿತು. ಹೊಲಿಗೆ ಮಷೀನನ್ನು ಗಂಡನಿಂದ ಕೊಡಿಸಿದೆ. ನಾಯಕಿ ಒಬ್ಬಳೇ ಉಂಡ ಹಬ್ಬದ ದಿನ ಮನೆ ತುಂಬ ನೆಂಟರನ್ನು ಕೂರಿಸಿದೆ. ಐದನೆಯ ದಿನಕ್ಕೆ ಯಾರು ಯಾರ ಮೈದುನ ಎಂಬುದು ನನಗೇ ತಿಳಿಯದಾಯಿತು.

ಆರನೆಯ ದಿನ ಅಕ್ಕ ಕೇಳಲು ಕೂರಲಿಲ್ಲ. ಗಂಟು ಕಟ್ಟಿಕೊಂಡಿದ್ದಳು. "ಹೋಗಿ ನೋಡ್ತೇನಿ ತಮ್ಮಾ. ಬುಕ್ಕಿನ್ಯಾಗಿನಾಕಿ ಹೋಗ್ಲಿಲ್ಲೇನು?"

ಬಾಯಿಬಿಡಲು ಆಗಲೂ ಹೊತ್ತಿತ್ತು. ನಾನು ಹೊಳೆಯಲ್ಲಿ ನೀರೆಷ್ಟಿದೆ ಎಂದು ಚಿಂತಿಸಿದೆ. ಮೊಣಕಾಲುದ್ದವಿತ್ತು. ಕೈಹಿಡಿದು ಆಚೆ ದಂಡೆಗೆ ಬಿಟ್ಟು ಬಂದೆ. ಅವಳ ಕ್ಷೇಮಕ್ಕೆ ಎಂದುಕೊಂಡೆ. ಲೂಟಿಯವರು ಬಂದರೆ ಕಾಯಬೇಕಾದವರಲ್ಲಿ ಒಬ್ಬರು ಕಡಿಮೆಯಾದರು ಎಂಬ ನಿರಾಳವೂ ಇತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮೂರನೆಯ ದಿನ ತಿರುಗಿ ಬಂದಳು. ಅವರು ಬೈಯಲಿಲ್ಲವಂತೆ. ಗದ್ದಲಕ್ಕೆ ಅಂಜಿ ಹೊಳೆ ದಾಟಿ ಬಂದವರ ಜೊತೆ ಹೊರಗಿನ ಪಡಸಾಲೆಯಲ್ಲಿ ಕೂರಿಸಿ, ಅವರಿಗೆ ಹಂಚಿದ ರೊಟ್ಟಿಯನ್ನೇ ಅವಳಿಗೂ ಕೊಟ್ಟರಂತೆ. ಗಂಡ ಹಾದುಹೋಗುವಾಗ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದನಂತೆ: "ಗದ್ಲ ನಿಂತ ಮ್ಯಾಲ ಊರಿಗಿ ಹೋಗ್ತೀರಲ್ರೀ?"

ಇಷ್ಟು ಹೇಳಿ ಅಕ್ಕ ಪುಸ್ತಕ ತಂದು ನನ್ನ ಮುಂದಿಟ್ಟಳು. "ಆಕಿ ಬಾಗಿಲಿಗಿ ಹೋದ ಹಾಳಿ ತಗಿ. ಇದ್ದದ್ದು ಇದ್ದಂಗ ಓದು."

ಓದಿದೆ. ಅತ್ತೆಯ ಪ್ರಶ್ನೆಯನ್ನು ಎರಡು ಸಲ ಓದಬೇಕಾಯಿತು.

"ಬರದಾಂವಗ ಗೊತ್ತಿತ್ತು," ಎಂದಳು. "ನಿನಗೂ ಗೊತ್ತಿತ್ತು. ನಾ ಒಬ್ಬಾಕಿ ಗೊತ್ತಿಲ್ದ ಹೋದ್ನಿ."

"ನಿನ್ನ ಸಲುವಾಗಿ ಅಕ್ಕಾ..."

"ಹೌದು ಬಿಡು. ಎಲ್ಲಾರೂ ನನ್ನ ಸಲುವಾಗೇ ಮಾಡ್ತೀರಿ."

ಮುಂದೆಂದೂ ಅವಳು ನನಗೆ ಓದು ಎನ್ನಲಿಲ್ಲ. ಹೊಳೆಯಾಚೆಯ ಶಾಲೆಯಲ್ಲಿ ಮೂರನೇ ಇಯತ್ತೆ ಓದಿದ್ದ ನನ್ನ ಹೆಂಡತಿಯ ಹತ್ತಿರ ಅಕ್ಷರ ಕಲಿಯಲು ಕೂತಳು. ಮಳೆಗಾಲ ಕಳೆಯಿತು, ನಿಜಾಮರ ಆಳಿಕೆಯೂ ಮುಗಿಯಿತು. ಇಬ್ಬರೂ ಸಾಲಿಗೆ ಬೆರಳಿಟ್ಟು ಅದೇ ಕಾದಂಬರಿಯನ್ನು ಮೊದಲಿನಿಂದ ಓದುತ್ತಿದ್ದರು. ಒತ್ತಕ್ಷರ ಬಂದಲ್ಲಿ ಇಬ್ಬರೂ ತಡವರಿಸುವರು. ಊರಿಗೆಲ್ಲ ಪಾಠ ಹೇಳುವ ನಾನು ನಾಲ್ಕು ಮಾರು ದೂರದಲ್ಲಿ ಆ ಶಬ್ದವನ್ನು ಬಾಯಲ್ಲಿ ಹಿಡಿದು ಕೂತಿರುತ್ತಿದ್ದೆ. ಅವರು ನನ್ನ ಕಡೆ ನೋಡದೆ, ಅದನ್ನು ಬಿಟ್ಟು ಮುಂದಿನ ಶಬ್ದಕ್ಕೆ ಹೋಗುವರು.