ಪುಷ್ಯ ನಕ್ಷತ್ರದ ದಿನ

ಅಮ್ಮನ ಜನ್ಮನಕ್ಷತ್ರ ಪುಷ್ಯ. ಡೊಂಬಿವಲಿಗೆ ಬಂದ ಮೇಲೂ ಅರ್ಚನೆಗೆ ಭಟ್ಟರು ಕೇಳಿದಾಗಲೆಲ್ಲ ಆ ಹೆಸರು ಹೇಳುತ್ತಿದ್ದಳು. ಅದನ್ನು ಆಕಾಶದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಪುಷ್ಯದ ನಡುವೆ ಒಂದು ನಕ್ಷತ್ರಗುಚ್ಛವಿದೆ, ಕತ್ತಲಿರುವ ಊರಿನಲ್ಲಿ ಬರಿಗಣ್ಣಿಗೆ ಮಸುಕು ಮಚ್ಚೆಯಂತೆ ಕಾಣುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. "ಫೋಟೋ ತೆಗೆದು ತೋರ್ಸು" ಎಂದು ಹಟ ಹಿಡಿದಳು.

ಅವಳ ಬಲಗಣ್ಣಿನ ರೆಟಿನಾ ಆಗಲೇ ಹೋಗಿತ್ತು. ಎಡಗಣ್ಣೂ ಹೆಚ್ಚು ಕಾಲ ಉಳಿಯದು ಎಂದು ಡಾಕ್ಟರು ಹೇಳಿದ್ದರು. ಲ್ಯಾಪ್‌ಟಾಪ್ ಪರದೆಯ ಮೇಲೆ ದೊಡ್ಡದು ಮಾಡಿದರೆ ಚಿತ್ರಗಳು ಇನ್ನೂ ಕಾಣುತ್ತಿದ್ದವು.

ಟೆಲಿಸ್ಕೋಪು ನನ್ನ ಹಳೆಯ ಹವ್ಯಾಸ. ನಮ್ಮ ತಾರಸಿಯಿಂದ ಮಿಥುನದ ಜೋಡಿ ನಕ್ಷತ್ರಗಳು ಕಾಣುತ್ತವೆ, ಮಖಾ ಕಾಣುತ್ತದೆ. ಪುಷ್ಯ ಇರುವುದು ಇವುಗಳ ನಡುವೆ. ಅಲ್ಲಿ ಕಣ್ಣಿಗೆ ಸಿಗುವುದು ಕಿತ್ತಳೆ ಬಣ್ಣದ ಮಬ್ಬು ಮಾತ್ರ. ದಾರಿ ಗುರುತಿಸಲು ಒಂದು ಚುಕ್ಕಿಯೂ ಇಲ್ಲದ ಜಾಗದಲ್ಲಿ ಟೆಲಿಸ್ಕೋಪನ್ನು ಅಂದಾಜಿನ ಮೇಲೆ ತಿರುಗಿಸಬೇಕು. ಗುಚ್ಛ ಸಿಕ್ಕರೂ ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿಟ್ಟರೆ ಆಕಾಶವೇ ಬೆಳ್ಳಗಾಗುತ್ತದೆ, ಕಡಿಮೆ ಹೊತ್ತಿಗೆ ಏನೂ ಮೂಡುವುದಿಲ್ಲ. ಫಾಸ್ಟ್ ಲೋಕಲ್ ರೈಲು ಹೋದಾಗ ಕಟ್ಟಡ ಸಣ್ಣಗೆ ನಡುಗಿ, ಚುಕ್ಕಿಗಳು ಗೆರೆಗಳಾಗುತ್ತವೆ.

ಏಪ್ರಿಲ್‌ನಲ್ಲಿ ನಮ್ಮ ಕಟ್ಟಡದ ಸೊಸೈಟಿ ತಾರಸಿಯ ವಾಟರ್‌ಪ್ರೂಫಿಂಗ್ ಶುರುಮಾಡುವುದಿತ್ತು. ಅದಕ್ಕೂ ಮೊದಲು ಒಂದೇ ಒಂದು ಸಂಜೆ ಕೀಲಿ ಕೊಡುತ್ತೇನೆ ಎಂದು ಸೆಕ್ರೆಟರಿ ಒಪ್ಪಿದ. ನಾನು ಪತ್ರಿಕೆಯ ಆಫೀಸಿನಲ್ಲಿದ್ದಾಗ ಅಮ್ಮ ಅವನ ಹೆಂಡತಿಗೆ ಫೋನ್ ಮಾಡಿ ದಿನ ಗೊತ್ತುಮಾಡಿದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ರಾಮನವಮಿಯ ಮರುದಿನ ಪುಷ್ಯ ಎಂದಿತ್ತು.

"ಅಮ್ಮಾ, ಪಂಚಾಂಗದಲ್ಲಿ ಪುಷ್ಯ ಅಂದ್ರೆ ಅವತ್ತು ಚಂದ್ರ ಅಲ್ಲೇ ಇದ್ದಾನೆ ಅಂತ ಅರ್ಥ. ಅವನ ಬೆಳಕಿಗೆ ಉಳಿದದ್ದೆಲ್ಲ ಮುಳುಗಿ ಹೋಗ್ತದೆ. ಅಮಾಸೆ ಹೊತ್ತಿಗೆ ತೆಗೀಬೇಕು."

"ಎಂತ ಮಾರಾಯ, ಫೋಟೋಕ್ಕೆ ಬೆಳಕು ಬೇಡ್ವಾ? ನನ್ನ ನಕ್ಷತ್ರದ ದಿನ ಬಿಟ್ಟು ಅಮಾಸೆಗೆ ಯಾರಾದ್ರೂ ಒಳ್ಳೆ ಕೆಲ್ಸ ಶುರು ಮಾಡ್ತಾರಾ?"

ದಿನ ಬದಲಿಸಲು ಸೆಕ್ರೆಟರಿ ಒಪ್ಪಲಿಲ್ಲ. ಆ ಸಂಜೆ ನಾನು ಟೆಲಿಸ್ಕೋಪು ಹೊತ್ತು ಮೆಟ್ಟಿಲು ಹತ್ತುವಾಗ, "ಕಾಯ್ ಸಾಹೇಬ್, ತೋಫ್ ಆಣ್ಲೀ ಕಾ?" ಎಂದು ನಕ್ಕ, ಫಿರಂಗಿ ತಂದಿರಾ ಎಂದು. ಕತ್ತಲಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ತುಂಬಿದ ಚಂದ್ರ ನೆತ್ತಿಯ ಮೇಲಿದ್ದ. ಗುಚ್ಛ ಅವನ ಪಕ್ಕದಲ್ಲೇ ಎಲ್ಲೋ ಇರಬೇಕಿತ್ತು. ತೆಗೆದ ಚಿತ್ರಗಳಲ್ಲೆಲ್ಲ ಹಾಲು ಚೆಲ್ಲಿದಂಥ ಬಿಳುಪು ಬಿಟ್ಟು ಏನೂ ಇರಲಿಲ್ಲ. ಅಮ್ಮ ಪರದೆಗೆ ಮುಖ ತಾಗಿಸಿ ನೋಡಿ, "ಇನ್ನೊಮ್ಮೆ ತೆಗೀಲಿಕ್ಕೆ ಆಗ್ತದಲ್ಲ?" ಎಂದಳು. ಆಗುತ್ತದೆ ಎಂದೆ.

ಆ ವಾರ ಠಾಣೆಯ ಕೋಪರಿಯಿಂದ ತಂಗಿ ಬಂದಿದ್ದಳು. ನನ್ನನ್ನು ಬಾಲ್ಕನಿಗೆ ಕರೆದಳು.

"ಅಣ್ಣಾ, ನೆಟ್ಟಲ್ಲಿ ಬೇಕಾದಷ್ಟು ಉಂಟು. ಡೌನ್‌ಲೋಡ್ ಮಾಡಿ ತೋರ್ಸು. ಅಮ್ಮಂಗೆ ಎಂತ ಗೊತ್ತಾಗ್ತದೆ?"

"ಬೇರೆಯವರ ಫೋಟೋ ನಂದು ಅಂತ ಹೇಳೂದಿಲ್ಲ."

"ಇದೆಂತ, ನಿನ್ನ ಪೇಪರಾ? ಒಳ್ಳೆ ಎಡಿಟರ್ ಸಿಕ್ಕಿದ ಅಮ್ಮಂಗೆ!"

ಮೇ ತಿಂಗಳಲ್ಲಿ ಊರಾಚೆ ಹೋಗಲು ನನಗೆ ರಜೆ ಸಿಗಲಿಲ್ಲ. ಜೂನಿನಲ್ಲಿ ಪುಷ್ಯ ಸೂರ್ಯನ ಬೆನ್ನಿಗೇ ಪಡುವಣಕ್ಕಿಳಿಯಿತು, ಮೋಡ ಕವಿಯಿತು. ಮಳೆ ಮುಗಿದಾಗ ತಾರಸಿಯ ತುಂಬ ಸೋಲಾರ್ ಫಲಕಗಳು ಕೂತಿದ್ದವು. ಚಳಿಗಾಲದಲ್ಲಿ ರಬಾಳೆಯ ಗೆಳೆಯನ ತಾರಸಿಗೆ ಹೋದೆ. ಕಾರ್ಖಾನೆಗಳ ದೀಪಗಳ ಮೇಲೆ ಹೊಗೆ ಹೊದಿಕೆಯಂತೆ ನಿಂತಿತ್ತು. ಅಷ್ಟರಲ್ಲಿ ಅಮ್ಮ ಟಿವಿ ಧಾರಾವಾಹಿಗಳನ್ನು ನೋಡುವುದು ಬಿಟ್ಟು ಕೇಳತೊಡಗಿದ್ದಳು.

ಫೆಬ್ರವರಿಯ ಅಮಾವಾಸ್ಯೆಯಂದು ಕಲ್ಯಾಣದಾಚೆ, ಮುರಬಾಡ್ ರಸ್ತೆ ಬದಿಯ ಸಹೋದ್ಯೋಗಿಯೊಬ್ಬರ ಹೊಲದಲ್ಲಿ ಟೆಲಿಸ್ಕೋಪು ನಿಲ್ಲಿಸಿದೆ. ಗುಚ್ಛ ಬೇಗನೆ ಸಿಕ್ಕಿತು. ಕಡಿಮೆ ಹೊತ್ತಿನ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಚುಕ್ಕಿಗಳು ಗೆರೆಯಾಗದೆ ಚುಕ್ಕಿಗಳಾಗಿಯೇ ಉಳಿದವು. ಪತ್ರಿಕೆಯಲ್ಲಿ ಅಚ್ಚುಹಾಕಬಹುದಾದ ಚಿತ್ರ.

ಮರುದಿನ ಬೆಳಿಗ್ಗೆ ಅಮ್ಮ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಂದು ಕೂತಳು. ಲ್ಯಾಪ್‌ಟಾಪನ್ನು ಅವಳ ಮಡಿಲಲ್ಲಿಟ್ಟು ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದೆ. ಅವಳು ಮುಖವನ್ನು ಎಡಕ್ಕೆ, ಬಲಕ್ಕೆ ತಿರುಗಿಸಿದಳು. ಬೆರಳಿನಿಂದ ಪರದೆಯನ್ನು ತಡವಿದಳು.

"ಎಲ್ಲಿ?" ಎಂದಳು.

ಅವಳ ಬೆರಳು ಗುಚ್ಛದ ಮೇಲೇ ಇತ್ತು.