ನಾಟಕದ ನಡುವೆ ಅತ್ತೆ ಎದ್ದು ನಿಂತರು

ಅದು ೧೯೬೧ರ ಚಳಿಗಾಲ. ನಾವು ಆಗ ಇಚಲಕರಂಜಿಯಲ್ಲಿದ್ದೆವು. ನನ್ನ ಯಜಮಾನರು ಮಗ್ಗದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅವರಿಗೆ ನಾಟಕದ ಹುಚ್ಚು ಎಷ್ಟೆಂದರೆ, ಊಟ ಬಿಟ್ಟಾರು, ನಾಟಕ ಬಿಡರು. ಚಳಿ ಬಿತ್ತೆಂದರೆ ಕೊಲ್ಹಾಪುರಕ್ಕೆ ಮರಾಠಿ ನಾಟಕ ಕಂಪನಿಗಳು ಬರುತ್ತಿದ್ದವು. ಆ ವರ್ಷ ಕಾರ್ಖಾನೆಗೆ ಮೂರು ದಿನ ರಜೆ ಸಿಕ್ಕಿತು. ಗಡಹಿಂಗ್ಲಜ ಕಡೆಯ ಹಳ್ಳಿಯಿಂದ ತಮ್ಮ ತಾಯಿಯನ್ನೂ ಕರೆಸಿಕೊಂಡು, ಅಂಬಾಬಾಯಿಯ ದರ್ಶನವೂ ಆಗುತ್ತದೆ, ಎರಡು ನಾಟಕವನ್ನೂ ನೋಡೋಣ ಎಂದು ನಮ್ಮನ್ನು ಹೊರಡಿಸಿದರು.

ನನಗೂ ಅತ್ತೆಗೂ ಮಾತು ನಿಂತು ಆಗಲೇ ವರ್ಷವಾಗಿತ್ತು. ಅದನ್ನು ಸರಿಮಾಡಬೇಕೆಂದೇ ಯಜಮಾನರು ಈ ಪ್ರವಾಸ ಹೂಡಿದ್ದರೆಂದು ಕಾಣುತ್ತದೆ.

ಮಾತು ನಿಂತದ್ದು ನಮ್ಮ ಕಸ್ತೂರಿಯ ಸಲುವಾಗಿ. ನಾಲ್ಕು ವರ್ಷದ ಮಗಳು. ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಿದವರು ಅತ್ತೆಯೇ. ನಮ್ಮ ಮನೆಗಳಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ, ತಾಯಿಗೆ ಅವ್ವ. ಹಿಂದಿನ ಚಳಿಗಾಲ, ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆಂದು ಅತ್ತೆ ಊರಿಗೆ ಹೋಗಿದ್ದಾಗ ಮಗುವಿಗೆ ವಿಷಮಜ್ವರ ಬಂತು. ಮೈಮೇಲೆ ಎಚ್ಚರವಿಲ್ಲದೆ "ಆಯೀ, ಆಯೀ" ಎಂದು ಕನವರಿಸುತ್ತಿತ್ತು. ನಾನು ತಲೆದೆಸೆಯಲ್ಲೇ ಕುಳಿತಿದ್ದೆ. ಒಂದು ಸಲವೂ ಅವ್ವಾ ಎನ್ನಲಿಲ್ಲ. ಅತ್ತೆಗೆ ಸುದ್ದಿ ಮುಟ್ಟಿ, ಅವರು ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನ್ನ ನಾಲಿಗೆ ಮೊದಲಿನಿಂದಲೂ ಹರಿತ. ಹೊಸ್ತಿಲಲ್ಲಿ ನಿಂತಿದ್ದ ಅವರಿಗೆ, "ಸಾಯೂತನಕ ಆಯಿ ಆಯಿ ಅಂತ ನಿಮ್ಮನ್ನ ಕರೀತ್ರಿ ಕೂಸು. ಈಗ ಬಂದೀರಿ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ನನಗಾಗ ಪಶ್ಚಾತ್ತಾಪವೂ ಆಗಲಿಲ್ಲ. ಹೆತ್ತ ಮಗಳು ಕೊನೆಗಳಿಗೆಯಲ್ಲಿ ನನ್ನನ್ನು ಕರೆಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಸಂಕಟದೊಳಗೇ ಸೇರಿಕೊಂಡಿತ್ತು. ಆಮೇಲೆ ಅತ್ತೆ ಹಳ್ಳಿಯಲ್ಲೇ ಉಳಿದರು.

ಕೊಲ್ಹಾಪುರದಲ್ಲಿ ಮೊದಲ ದಿನದ್ದು ನಗೆ ನಾಟಕ. ಜನರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ನಾವಿಬ್ಬರೂ ಶಾಲು ಹೊದ್ದು ಸುಮ್ಮನೆ ಕುಳಿತಿದ್ದೆವು. ಅತ್ತೆಯ ಹಳ್ಳಿಯೆಲ್ಲ ಕನ್ನಡದ್ದೇ. ಸಂತೆಯಲ್ಲಿ ಬೆಲೆ ಕೇಳುವಷ್ಟು ಬಿಟ್ಟರೆ ಅವರಿಗೆ ಮರಾಠಿ ಬರುತ್ತಿರಲಿಲ್ಲ. ಪಕ್ಕದಲ್ಲೇ ಇದ್ದ ನಾನು ಅರ್ಥ ಹೇಳುವ ಗೋಜಿಗೂ ಹೋಗಲಿಲ್ಲ.

ಮರುದಿನ ಮಧ್ಯಾಹ್ನದ ಆಟಕ್ಕೆ ಹೋದೆವು. ಯಜಮಾನರು ಗಂಡಸರ ಕಡೆ, ನಾವಿಬ್ಬರು ಹೆಂಗಸರ ಸಾಲಿನಲ್ಲಿ. ಅದು ಸಂಸಾರದ ಕಥೆ. ಗಂಡನ ಜೊತೆ ಜಗಳವಾಡಿದ ಹೆಂಡತಿ ಟ್ರಂಕು ಹಿಡಿದು ಮನೆ ಬಿಟ್ಟು ಹೊರಟಳು. ಒಳಗೆ ಮಲಗಿದ್ದ ಪುಟ್ಟ ಮಗಳು ಎದ್ದು ಬಾಗಿಲಿಗೆ ಓಡಿಬಂದು "ಆಯೀ, ಆಯೀ" ಎಂದು ಚೀರಿದಳು.

ನನ್ನ ಪಕ್ಕದಲ್ಲಿ ಅತ್ತೆ ಎದ್ದು ನಿಂತರು.

"ಬಂದೆ ನನ್ನವ್ವಾ, ಬಂದೆ. ಇಲ್ಲೇ ಅದೇನಿ," ಎಂದು ಎರಡೂ ಕೈ ಚಾಚಿದರು.

ಸುತ್ತಲಿನವರು ನಕ್ಕರು. ಕುಳಿತುಕೊಳ್ಳಿ ಎಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಗದರಿದರು. ರಂಗದ ಮೇಲಿನ ಮಗು ಕೂಡ ತನ್ನ ಮಾತು ಮರೆತು ನಮ್ಮ ಕಡೆಗೇ ನೋಡಿತು. ನಾಚಿಕೆಯಿಂದ ನಾನು ಅತ್ತೆಯ ಸೆರಗು ಹಿಡಿದು ಎಳೆದೆ. "ಕುಂದರ್ರಿ ಅತ್ತಿ. ಆಕಿ ನಿಮ್ಮನ್ನ ಕರಿಯಾಕತ್ತಿಲ್ಲ. ಮರಾಠಿಯೊಳಗ ಆಯಿ ಅಂದ್ರ ಹಡದವ್ವ," ಎಂದೆ. ವರ್ಷದ ಮೇಲೆ ನಾನು ಅವರಿಗೆ ಆಡಿದ ಮೊದಲ ಮಾತು ಅದು.

ಅವರು ಕುಳಿತರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಮಧ್ಯಂತರದವರೆಗೆ ಹಾಗೇ ಇದ್ದರು. ದೀಪ ಹತ್ತಿದ ಮೇಲೆ ನನ್ನ ಕಡೆ ತಿರುಗಿ, ಕಸ್ತೂರಿ ಓಣಿಯ ಮರಾಠಿ ಮಕ್ಕಳ ಜೊತೆಗೇ ಆಡುತ್ತಿದ್ದಳಲ್ಲ ಎಂದು ಕೇಳಿದರು. ಹೌದೆಂದೆ. ಹಗಲೆಲ್ಲ ಅವರ ಜೊತೆಗೇ ಇರುತ್ತಿದ್ದಳು, ಮರಾಠಿ ಮಾತೂ ಕಲಿತಿದ್ದಳು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಹಂಗಾರ ಅದು ನಿನ್ನ ಕರದಿರಬೇಕು, ಶಾಂತವ್ವ. ನೀ ಮಗ್ಗಲದಾಗ ಇದ್ದಿ. ಅವ್ವನ ಕೈಯಾಗ ಹೋಗೇತಿ ಕೂಸು," ಎಂದರು.

ಮಗಳು ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ನಂದು ತಪ್ಪಾತ್ರಿ ಎಂದೆನೋ ಇಲ್ಲವೋ, ಸರಿಯಾಗಿ ನೆನಪಿಲ್ಲ. ಚಹಾ ತಂದ ಯಜಮಾನರು ನಮ್ಮಿಬ್ಬರ ಕಣ್ಣೀರು ನೋಡಿ, ನಾಟಕ ಅಷ್ಟು ಮನಸ್ಸಿಗೆ ತಟ್ಟಿತೆಂದುಕೊಂಡರು ಪಾಪ.

ಅತ್ತೆ ಅಲ್ಲಿಂದ ನಮ್ಮ ಜೊತೆಗೇ ಇಚಲಕರಂಜಿಗೆ ಬಂದರು, ಕೊನೆಯವರೆಗೂ ನಮ್ಮಲ್ಲೇ ಇದ್ದರು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಕಸ್ತೂರಿ ನನ್ನನ್ನು ಯಾವತ್ತೂ ಅವ್ವಾ ಎಂದೇ ಕರೆಯುತ್ತಿದ್ದಳು. ಅದು ಅತ್ತೆಗೂ ಗೊತ್ತಿತ್ತು. ಆ ದಿನ ಅವರು ನಿಜವಾಗಿ ನಂಬಿ ಹೇಳಿದರೋ, ನನಗಾಗಿ ಹೇಳಿದರೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಮೊಮ್ಮಗಳು ತಮ್ಮನ್ನೇ ಕರೆದಳೆಂದು ವರ್ಷವಿಡೀ ಬೆಂದವರು, ಆ ಕರೆಯನ್ನು ನನಗೆ ಬಿಟ್ಟುಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೆ ಕೊಡುತ್ತಿರಲಿಲ್ಲ.