ರೆಕಾರ್ಡ್ ದೇಜಪ್ಪ

ಕಾಪು ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿರುವ ದೇಜಪ್ಪನವರನ್ನು ಊರಿನವರು ‘ರೆಕಾರ್ಡ್ ದೇಜಪ್ಪ’ ಎನ್ನುತ್ತಾರೆ. ಎನ್ನುತ್ತಾರೆ ಅಂದರೆ, ಅವರೇ ಹಾಗೆ ಪರಿಚಯ ಮಾಡಿಕೊಳ್ಳುತ್ತಾರೆ. ಉಳಿದವರು ವಾದ ಯಾಕೆಂದು ಒಪ್ಪಿಕೊಂಡಿದ್ದಾರೆ.

ರೆಕಾರ್ಡು ತೊಂಬತ್ತರ ದಶಕದ್ದು. ಆಗ ಪೇಟೆಯಲ್ಲಿ ಕುಂಞಾಲಿಯವರ ವೀಡಿಯೋ ಗೇಮಿನ ಅಂಗಡಿ ಇತ್ತು. ಕಪಾಟಿನಷ್ಟು ಎತ್ತರದ ಮರದ ಪೆಟ್ಟಿಗೆ, ಹೊಟ್ಟೆಯೊಳಗೆ ಟಿ.ವಿ., ಒಂದು ಹಿಡಿಕೆ, ಎರಡು ಗುಂಡಿ. ನಾಣ್ಯ ಹಾಕಿದರೆ ಒಂದು ಸತ್ತ ಮೇಲೆ ಇನ್ನೊಂದರಂತೆ ಮೂರು ರಾಕೆಟ್ಟು ಬರುತ್ತಿತ್ತು. ಮೇಲಿನಿಂದ ಬೀಳುವ ಬಂಡೆಗಳನ್ನು ಹೊಡೆಯಬೇಕು. ಒಂದು ಸಂಜೆ ದೇಜಪ್ಪನವರು ಅದರಲ್ಲಿ ಐವತ್ತು ಸಾವಿರ ಅಂಕ ಹೊಡೆದರಂತೆ. ಆ ಐವತ್ತು ಸಾವಿರ ಮುಂದೆ ತುಟ್ಟಿಭತ್ಯೆಯ ಹಾಗೆ ಕಾಲಕಾಲಕ್ಕೆ ಏರಿ, ಅವರ ಮಗಳ ಮದುವೆಯ ಹೊತ್ತಿಗೆ ಲಕ್ಷ ಮುಟ್ಟಿತು.

ಪೆಟ್ಟಿಗೆಗೆ ಮಾತ್ರ ನೆನಪು ಎಂಬುದೇ ಇರಲಿಲ್ಲ. ಕುಂಞಾಲಿಯವರು ಸ್ವಿಚ್ ಆರಿಸಿದ ಕೂಡಲೇ ಅಂದಿನ ಅಂಕಗಳೆಲ್ಲ ಅಳಿಸಿ ಹೋಗುತ್ತಿದ್ದವು. ಕುಂಞಾಲಿಯವರೂ ತೀರಿಕೊಂಡರು. ಹೀಗಾಗಿ ರೆಕಾರ್ಡಿಗೆ ಉಳಿದ ಸಾಕ್ಷಿ ಒಬ್ಬನೇ, ನಿಲ್ದಾಣದ ಪಕ್ಕ ಗೂಡಂಗಡಿ ಇಟ್ಟಿರುವ ಇನ್ನಂಜೆಯ ಹೂವಪ್ಪ. ದೇಜಪ್ಪನವರು ಕತೆ ಹೇಳುತ್ತ ಒಂದು ಜಾಗದಲ್ಲಿ ನಿಲ್ಲಿಸುತ್ತಿದ್ದರು. ಹೂವಪ್ಪ ಅಲ್ಲಿ, “ಹೌದು, ನಾನು ಪಕ್ಕದಲ್ಲೇ ಇದ್ದೆ” ಎನ್ನಬೇಕು. ಈ ಸೇವೆಗೆ ಅವನಿಗೆ ಸಿಗುತ್ತಿದ್ದ ಸಂಭಾವನೆ, ಅವನೇ ಮಾಡಿದ ಚಹಾವನ್ನು ದೇಜಪ್ಪನವರು ಅವನಿಗೇ ಕುಡಿಯಲು ಹೇಳುತ್ತಿದ್ದದ್ದು.

ಕಳೆದ ವರ್ಷ ಕುಂಞಾಲಿಯವರ ಮಗ ಫಯಾಝ್ ದುಬೈಯಿಂದ ಬಂದು ಮಣಿಪಾಲದಲ್ಲಿ ಜ್ಯೂಸ್ ಅಂಗಡಿ ತೆರೆಯಲು ಹೊರಟ. ಅಲಂಕಾರಕ್ಕಿರಲಿ ಎಂದು ಮನೆಯ ಹಿಂದಿನ ಕೊಟ್ಟಿಗೆಯಿಂದ ಆ ಪೆಟ್ಟಿಗೆಯನ್ನು ಹೊರಗೆ ತೆಗೆಸಿದ. ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಟಿ.ವಿ. ಸತ್ತಿತ್ತು. ರಿಪೇರಿಗೆ ಕಾರ್ಕಳದ ಜೇಮ್ಸ್ ಬಂದ. ಅವನಿಗಿಂತ ಮೊದಲು ದೇಜಪ್ಪನವರು ಬಂದಿದ್ದರು.

“ಈ ಗೇಮಿನ ಚಾಂಪಿಯನ್ ಇನ್ನೂ ಬದುಕಿದ್ದಾನೆ ಅಂತ ನಿನಗೆ ಗೊತ್ತುಂಟಾ ಫಯಾಝ್?”

“ಗೊತ್ತುಂಟು ದೇಜಪ್ಪಣ್ಣ. ಬಾಪ ಹೇಳುತ್ತಿದ್ದರು” ಎಂದ ಫಯಾಝ್. ಬಾಪ ಏನು ಹೇಳುತ್ತಿದ್ದರು ಎಂಬುದನ್ನು ಹೇಳಲಿಲ್ಲ.

ಉದ್ಘಾಟನೆಯ ದಿನ ದೇಜಪ್ಪನವರು ಆಡುವುದು, ಅಂಕ ಎಷ್ಟಾದರೂ ಅದು ಅವರ ಹೆಸರಿನ ಜೊತೆ ಶಾಶ್ವತವಾಗಿ ಕಾಣುವಂತೆ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಡಿಜಿಟಲ್ ಬೋರ್ಡು ಹಾಕುವುದು ಎಂದು ತೀರ್ಮಾನವಾಯಿತು. ತೀರ್ಮಾನಿಸಿದವರು ದೇಜಪ್ಪನವರೇ. ಇಷ್ಟು ವರ್ಷ ಬಾಯಲ್ಲಿದ್ದದ್ದು ಇನ್ನು ಬೆಳಕಿನ ಅಕ್ಷರದಲ್ಲಿರುತ್ತದೆ, ಸ್ವಿಚ್ ಆರಿಸಿದರೂ ಅಳಿಯುವುದಿಲ್ಲ ಎಂದು ಯೋಚಿಸಿ ಅವರಿಗೆ ಎರಡು ದಿನ ಊಟ ಸೇರಲಿಲ್ಲ.

ಜೇಮ್ಸ್ ಪೆಟ್ಟಿಗೆಯೊಳಗೆ ತಲೆ ಹಾಕಿ ಹೇಳಿದ: “ಕಾರ್ಕಳದಲ್ಲಿ ನನ್ನ ಹತ್ತಿರ ಹಳೆ ಟಿ.ವಿ.ಯ ಪಿಕ್ಚರ್ ಟ್ಯೂಬ್ ಒಂದುಂಟು. ಇದಕ್ಕೆ ಸರಿ ಕೂತುಕೊಳ್ತದೆ.”

“ಅಷ್ಟು ಸಣ್ಣದು ಹಿಂದೆ ಕೂತವರಿಗೆ ಕಾಣ್ತದಾ ಜೇಮ್ಸ್ ಪೊರ್ಬುಗಳೇ? ಹೊಸ ಎಲ್‌ಇಡಿ ಹಾಕಿ. ದೊಡ್ಡದು.”

“ಹಾಕಬಹುದು. ಆದರೆ ಗೇಮಿನ ಹಳೆ ಸರ್ಕ್ಯೂಟಿಗೆ ಹೊಸ ಪರದೆ ಅಂದರೆ ನಡುವೆ ಕನ್ವರ್ಟರ್ ಬೇಕು. ನೀವು ಗುಂಡಿ ಒತ್ತಿದ್ದು ಪರದೆಯಲ್ಲಿ ಸ್ವಲ್ಪ ತಡವಾಗಿ ಕಾಣ್ತದೆ. ಮೊದಲು ನಾಲ್ಕು ಸಲ ಆಡಿ ಅಭ್ಯಾಸ ಮಾಡಿ.”

“ಅಭ್ಯಾಸವಾ? ನಾನಾ?” ದೇಜಪ್ಪನವರು ಫಯಾಝ್ ಕಡೆ ತಿರುಗಿ ನಕ್ಕರು. “ಇವರು ಕಾರ್ಕಳದವರು ಅಲ್ವಾ, ಪಾಪ, ಗೊತ್ತಿಲ್ಲ.”

ಜೇಮ್ಸ್ ಭುಜ ಕುಣಿಸಿ ದೊಡ್ಡ ಪರದೆಯನ್ನೇ ಹಾಕಿದ. ಅವನಿಗೆ ಅದರಲ್ಲಿ ಲಾಭವೂ ಹೆಚ್ಚಿತ್ತು.

ನಮ್ಮ ಕರಾವಳಿಯಲ್ಲಿ ಅಂಗಡಿಯ ಶಟರ್ ಎತ್ತುವುದಕ್ಕೂ ಒಂದು ಸನ್ಮಾನ ಬೇಕು. ಸನ್ಮಾನ ಮೊದಲು, ಸಾಧನೆ ಆಮೇಲೆ. ಅದರಂತೆ ದೇಜಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಪೇಟ ತೊಡಿಸಿದರು, ಶಾಲು ಹೊದೆಸಿದರು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಅಭಿನಂದನಾ ಪತ್ರದಲ್ಲಿ ‘ಕಾಪುವಿನ ಕೀರ್ತಿ’ ಎಂದಿತ್ತು. ಬರೆದವರ ಕೈಬರಹ ಟೈಮ್ ಕೀಪರ್ ಶೀಟಿನಲ್ಲಿ ದಿನಾ ಕಾಣುವಂಥದ್ದೇ. ಗೂಡಂಗಡಿ ಮುಚ್ಚಿ ಬಂದಿದ್ದ ಹೂವಪ್ಪ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಹಿಂದೆ ಕಾಲೇಜಿನ ಮಕ್ಕಳು ಫೋನ್ ಹಿಡಿದು ನಿಂತಿದ್ದರು.

ದೇಜಪ್ಪನವರು ಪೇಟ ತೆಗೆಯದೆ ಹಿಡಿಕೆ ಹಿಡಿದರು. ಮೊದಲ ಬಂಡೆ ಬಂತು. ಎಡಕ್ಕೆ ಎಳೆದರು. ಕೈ ಎಡಕ್ಕೆ ಹೋಯಿತು, ರಾಕೆಟ್ಟು ಒಂದು ಗಳಿಗೆ ಯೋಚಿಸಿ ಆಮೇಲೆ ಹೊರಟಿತು. ಅಷ್ಟರಲ್ಲಿ ಬಂಡೆ ಅದರ ಮೇಲೆ ಬಿದ್ದಾಗಿತ್ತು. ಎರಡನೇ ರಾಕೆಟ್ಟಿಗೆ ಅವರು ಅವಸರ ಮಾಡಿದರು, ಅದು ತಾನಾಗಿ ಹೋಗಿ ಬಂಡೆಗೆ ಗುದ್ದಿತು. ಮೂರನೆಯದು ಹೇಗೋ ಮೂರು ಬಂಡೆ ಹೊಡೆದು ಮುಗಿಯುವ ಹೊತ್ತಿಗೆ ಪೇಟ ಜಾರಿ ಹಣೆ ಮುಚ್ಚಿತ್ತು.

ಪೆಟ್ಟಿಗೆಯ ನೆತ್ತಿಯ ಮೇಲೆ ಕೆಂಪಗೆ, ಮೊಳ ಉದ್ದದ ಅಕ್ಷರಗಳಲ್ಲಿ, ಹಿಂದೆ ಕೂತವರಿಗೂ ಚೆನ್ನಾಗಿ ಕಾಣುವಂತೆ ಹೊತ್ತಿಕೊಂಡಿತು: ದೇಜಪ್ಪ, ಕಾಪು – 300.

ಹೂವಪ್ಪ ತಟ್ಟಲು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿಕೊಂಡ. ಹಿಂದಿನಿಂದ ಒಬ್ಬಳು, “ಅಂಕಲ್, ಹಣ್ಣು ವಾಪಸ್ ಕೊಡ್ಬೇಕಾ?” ಎಂದು ಕೇಳಿದಳು. ಆಮೇಲೆ ನಗು ನಿಲ್ಲಲಿಲ್ಲ.

ಫಯಾಝ್ ವ್ಯಾಪಾರಿ. ಮರುದಿನವೇ ಪೆಟ್ಟಿಗೆಯ ಪಕ್ಕ ಬರೆದು ಅಂಟಿಸಿದ: ‘ದೇಜಪ್ಪನಿಗಿಂತ ಕಡಿಮೆ ಅಂಕ ತೆಗೆದವರಿಗೆ ಪುನರ್ಪುಳಿ ಜ್ಯೂಸ್ ಉಚಿತ.’ ಜನ ಮುಗಿಬಿದ್ದರು. ಹಳೆ ಪರದೆಯ ಅಭ್ಯಾಸವಿಲ್ಲದ ಮಕ್ಕಳು ನಿಧಾನವಾದ ರಾಕೆಟ್ಟಿಗೇ ಒಗ್ಗಿಕೊಂಡು ಸಾವಿರ, ಎರಡು ಸಾವಿರ ಹೊಡೆದರು. ಬೋರ್ಡಿನಲ್ಲಿ ಹೆಸರುಗಳು ಬೆಳೆದವು. ತಳದ ಹೆಸರು ಕದಲಲಿಲ್ಲ; ಜ್ಯೂಸಿನ ಆಸೆಗೆ ಬೇಕೆಂದೇ ಸೋತು ದೇಜಪ್ಪನ ಕೆಳಗೆ ಹೆಸರು ಹಾಕಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಮಕ್ಕಳು ಪರೀಕ್ಷೆ ಕೆಟ್ಟರೆ “ಪೇಪರ್ ದೇಜಪ್ಪ ಆಯ್ತು” ಎನ್ನತೊಡಗಿದರು.

ಮಾತು ಬಸ್ಸು ಹತ್ತಿ ಕಾಪುವಿಗೂ ಬಂತು. “ಒಂದು ನಿಮಿಷ ಲೇಟ್” ಎಂದು ದೇಜಪ್ಪನವರು ಗದರಿದರೆ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, “ಒಂದು ನಿಮಿಷವಾ? ನಿಮ್ಮ ರಾಕೆಟ್ ಅಷ್ಟು ಹೊತ್ತು ಬದುಕಿತ್ತಾ?” ಎನ್ನುತ್ತಿದ್ದ.

ದೇಜಪ್ಪನವರು ಫಯಾಝ್‌ಗೆ ಫೋನ್ ಮಾಡಿದರು. “ಹೆಸರು ಅಳಿಸು ಮಾರಾಯ.”

“ಅಳಿಸಿದರೆ ಅಂಗಡಿಗೆ ಯಾರು ಬರ್ತಾರೆ ದೇಜಪ್ಪಣ್ಣ? ಯಾರಾದರೂ ನಿಮಗಿಂತ ಕಡಿಮೆ ಮಾಡಲಿ, ನಿಮ್ಮ ಹೆಸರು ತಾನಾಗಿ ಮೇಲೆ ಹೋಗ್ತದೆ.”

ಆ ಯಾರಾದರೂ ಯಾರೆಂದು ದೇಜಪ್ಪನವರು ಎರಡು ವಾರ ಕಾದರು. ಕೊನೆಗೆ ಫಯಾಝ್ ಸಾಮಾನಿಗೆಂದು ಉಡುಪಿಗೆ ಹೋಗಿದ್ದ ಒಂದು ಮಧ್ಯಾಹ್ನ, ಮುಖಕ್ಕೆ ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡು ತಾವೇ ಹೋದರು. ಕೌಂಟರಿನಲ್ಲಿ ಹೊಸದಾಗಿ ಸೇರಿದ್ದ ವಿಜೇತಾಗೆ ಅವರ ಗುರುತಿರಲಿಲ್ಲ.

ಈ ಸಲ ಯಾವ ತಪ್ಪೂ ಆಗಲಿಲ್ಲ. ಒಂದು ಬಂಡೆಯನ್ನು ಅಂದಕ್ಕೆ ಹೊಡೆದು, ಮೂರು ರಾಕೆಟ್ಟನ್ನೂ ನೆಟ್ಟಗೆ ಬಂಡೆಗಳ ಕೆಳಗೆ ಕೊಂಡೊಯ್ದು ನಿಲ್ಲಿಸಿದರು. ನೂರು ಅಂಕ. ಅಂಗಡಿಯೇ ಎದ್ದು ನಿಂತು ಕೇಕೆ ಹಾಕಿತು. ಅಂಥ ಚಪ್ಪಾಳೆ ಅವರ ಆಯುಷ್ಯದಲ್ಲೇ ಬಿದ್ದಿರಲಿಲ್ಲ.

“ಸೂಪರ್ ಅಂಕಲ್! ಬೋರ್ಡಿಗೆ ಹಾಕ್ಬೇಕು, ಹೆಸರು ಹೇಳಿ” ಎಂದಳು ವಿಜೇತಾ.

ಇಲ್ಲದ ಹೆಸರು ಹೇಳಿದರೆ ಯಾರಾದರೂ ಹುಡುಕಿಕೊಂಡು ಹೊರಟಾರು. ಇರುವ ಮನುಷ್ಯನೇ ಆಗಬೇಕು, ಎದುರು ಮಾತಾಡದವನೂ ಆಗಬೇಕು.

“ಹೂವಪ್ಪ. ಇನ್ನಂಜೆ” ಎಂದರು ದೇಜಪ್ಪನವರು. ಮಾಸ್ಕು ಕೆಳಗೆ ಮಾಡಿ ಪುನರ್ಪುಳಿ ಜ್ಯೂಸನ್ನೂ ಪೂರ್ತಿ ಕುಡಿದರು.

ಮರುದಿನ ಬೆಳಿಗ್ಗೆ ಬೋರ್ಡಿನ ಫೋಟೋ ಕಂಡಕ್ಟರುಗಳ ಫೋನಿನಲ್ಲಿತ್ತು. “ಹೂವಪ್ಪಣ್ಣ, ದೇಜಪ್ಪಣ್ಣನನ್ನೂ ಸೋಲಿಸಿದಿರಲ್ಲ!” ಎಂದು ಒಬ್ಬ. “ಇವರ ಚಹಾ ಕುಡಿದರೆ ನಾವೂ ನೂರಕ್ಕೆ ಇಳಿದೇವು” ಎಂದು ಇನ್ನೊಬ್ಬ. ಹೂವಪ್ಪ ಫೋಟೋವನ್ನು ದೂರ ಹಿಡಿದು ಓದಿದ. ಜೊತೆಗೆ ವಿಜೇತಾ ಹಾಕಿದ್ದ ವೀಡಿಯೋ ಇತ್ತು. ಹಿಡಿಕೆಯ ಮೇಲಿದ್ದ ಕೈಯ ವಾಚನ್ನು, ಕುತ್ತಿಗೆಯಲ್ಲಿ ಜೋತಾಡುವ ಟೈಮ್ ಕೀಪರನ ವಿಸಿಲ್ಲನ್ನು ಸ್ವಲ್ಪ ಹೊತ್ತು ನೋಡಿದ.

“ದೇಜಪ್ಪಣ್ಣ, ಇದು ಎಂತ?”

“ಹೂವಪ್ಪ ಅಂತ ಎಷ್ಟು ಜನ ಇರ್ತಾರೆ ಮಾರಾಯ.”

“ಇನ್ನಂಜೆಯಲ್ಲಿ?”

“ಹುಡುಗಾಟ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಂದು ಚಹಾ ಕೊಡು.”

ಹೂವಪ್ಪ ಕೊಟ್ಟ.

ವಾರ ಕಳೆಯಿತು. ತಮಾಷೆಯೆಲ್ಲ ಗೂಡಂಗಡಿಯ ಕಡೆ ತಿರುಗಿದ್ದರಿಂದ ದೇಜಪ್ಪನವರ ಬೆನ್ನು ಮತ್ತೆ ನೆಟ್ಟಗಾಯಿತು. ಉಡುಪಿ ಕಡೆಯಿಂದ ಒಬ್ಬ ಹೊಸ ಕಂಡಕ್ಟರ್ ಬಂದಿದ್ದ, ಏನೂ ತಿಳಿಯದವನು. ಅವನನ್ನು ಬೆಂಚಿನಲ್ಲಿ ಕೂರಿಸಿ ಶುರುಮಾಡಿದರು. ಪರದೆಯ ದೋಷ, ಜೇಮ್ಸನ ಬೇಜವಾಬ್ದಾರಿ, ಆಮೇಲೆ ಕುಂಞಾಲಿಯವರ ಕಾಲ, ಆ ಸಂಜೆ, ಲಕ್ಷದ ಮೇಲೆ ಹತ್ತು ಸಾವಿರ. ಎಂದಿನ ಜಾಗಕ್ಕೆ ಬಂದು ನಿಲ್ಲಿಸಿದರು.

ಹೂವಪ್ಪ ಗ್ಲಾಸು ತೊಳೆಯುತ್ತಿದ್ದ.

“ಅಲ್ವಾ ಹೂವಪ್ಪ? ನೀನು ಪಕ್ಕದಲ್ಲೇ ಇದ್ದೆ.”

“ಇಲ್ಲ” ಎಂದ ಹೂವಪ್ಪ. “ನಾನು ಆ ದಿನ ಊರಲ್ಲೇ ಇರಲಿಲ್ಲ.”

“ಎಂತ ಹೇಳುವುದು ನೀನು! ಇಷ್ಟು ವರ್ಷ ನೀನೇ ಹೇಳಿದ್ದಲ್ವಾ?”

“ನೀವು ಹೇಳಿಸಿದ್ದು.”

ಹೊಸ ಕಂಡಕ್ಟರ್ ಇಬ್ಬರ ಮುಖವನ್ನೂ ನೋಡಿದ. ನಗು ತಡೆಯಲು ಚಹಾವನ್ನು ಒಂದೇ ಗುಟುಕಿಗೆ ಸುರಿದುಕೊಂಡು, ಡ್ರೈವರನಿಗೆ ಹೇಳುವ ಅವಸರದಲ್ಲಿ ಬಸ್ಸಿಗೆ ಓಡಿದ. ಪಡುಬಿದ್ರಿ ಕಡೆಗೆ ಹೊರಡುವ ಬಸ್ಸು, ಸಮಯ ಆಗಿತ್ತು. ದೇಜಪ್ಪನವರು ವಾಚು ನೋಡಿ ವಿಸಿಲ್ ಊದಿ ಆ ಬಸ್ಸನ್ನು ತಾವೇ ಹೊರಡಿಸಿದರು.